ಜಿಪ್ಸಿ ಹಿಂದಿನ ಬಲಗಡೆ ಆಕ್ಸಲ್ ಸೀಲ್: 14 ತಿಂಗಳಲ್ಲಿ ಮೂರನೇ ಸಲ ಲೀಕ್, ಏನು ಮಾಡಲಿ?

ಮೂಡಿಗೆರೆ_ಜಿಪ್ಸಿ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ಗಾಡಿ 2004ರ ಜಿಪ್ಸಿ ಕಿಂಗ್, ಎಂಪಿಎಫ್‌ಐ. ಅಪ್ಪ ಇಟ್ಟುಕೊಂಡಿದ್ದು, ಈಗ ನನ್ನ ಕೈಗೆ ಬಂದಿದೆ. 1.6 ಲಕ್ಷ ಕಿಲೋಮೀಟರ್ ಓಡಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೋಟದ ರಸ್ತೆ, ಗೊಬ್ಬರದ ಮೂಟೆ, ಕಾಫಿ ಮೂಟೆ, ಮಳೆಗಾಲದಲ್ಲಿ ದಿನಾ ಒಂದು ಹಳ್ಳ.

ಹಿಂದಿನ ಬಲಗಡೆ ಚಕ್ರದ ಒಳಗೆ ಆಯಿಲ್ ಇಳಿಯುತ್ತದೆ. ಮೊದಲ ಸಲ ಕಂಡದ್ದು ಕಳೆದ ವರ್ಷ ಏಪ್ರಿಲ್‌ನಲ್ಲಿ. ಊರಿನ ಮೆಕ್ಯಾನಿಕ್ ಸೀಲ್ (ಆಕ್ಸಲ್‌ನ ಆಯಿಲ್ ಚಕ್ರದ ಕಡೆ ಬಾರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿಕೊಟ್ಟ. ಅಕ್ಟೋಬರ್‌ಗೆ ಮತ್ತೆ ಶುರುವಾಯಿತು. ಸರಿ, ದೊಡ್ಡ ಕಡೆ ಹೋಗೋಣ ಅಂತ ಹಾಸನದ ಒಂದು ವರ್ಕ್‌ಶಾಪ್‌ಗೆ ಕೊಟ್ಟೆ, ಸೀಲು, ಬೇರಿಂಗು ಎರಡೂ ಹೊಸದು ಹಾಕಿದರು. ಈಗ ಜೂನ್. ನಿನ್ನೆ ಬೆಳಿಗ್ಗೆ ಶೆಡ್ಡಿನಲ್ಲಿ ನೋಡಿದರೆ ಟೈರಿನ ಒಳಮೈ ಮೇಲೆ ಅದೇ ಕಪ್ಪು ಗೆರೆ, ಕೆಳಗೆ ರೊಟ್ಟಿ ಅಗಲದ ಕಲೆ.

ಕಳೆದ ವಾರ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆದಂತಾಯಿತು. ಮಂಜು, ಒದ್ದೆ ರಸ್ತೆ, ಹಿಂದಿನ ಸೀಟಿನಲ್ಲಿ ಅಮ್ಮ. ರಸ್ತೆ ಜಾರಿರಬೇಕು ಅಂದುಕೊಂಡಿದ್ದೆ. ಈಗ ಅನುಮಾನ ಬರುತ್ತಿದೆ.

ಎಡಗಡೆ ಒಂದು ಹನಿಯೂ ಇಲ್ಲ. ಬಲಗಡೆ ಮಾತ್ರ ಏಕೆ? ಸೀಲಿನ ಕಂಪನಿ ಬದಲಿಸಿ ನೋಡಲೇ? "ಆಕ್ಸಲ್ ಶಾಫ್ಟ್ ಬೆಂಡ್ ಆಗಿದೆ, ಪೂರ್ತಿ ಆಕ್ಸಲ್ ಹಾಕಿಸಿ" ಅಂತ ಒಬ್ಬರು ಹೆದರಿಸಿದ್ದಾರೆ. ಗೊತ್ತಿದ್ದವರು ಹೇಳಿ.

---

ಹಾಫ್‌ಕ್ಲಚ್

ಮೊದಲ ಮಾತು: ಅದು ಸರಿಯಾಗುವ ತನಕ ಘಾಟಿ ಕಡೆ ಹೋಗಬೇಡಿ ಮಾರಾಯ್ರೆ. ಎಡಕ್ಕೆ ಎಳೆದದ್ದು ರಸ್ತೆಯಲ್ಲ. ಬಲಗಡೆ ಬ್ರೇಕ್ ಲೈನರ್ ಆಯಿಲ್ ಕುಡಿದು ಹಿಡಿಯುತ್ತಿಲ್ಲ, ಎಡಗಡೆ ಹಿಡಿಯುತ್ತಿದೆ. ಅಷ್ಟೇ.

ಎರಡನೆಯದು, ಅದು ಗೇರ್ ಆಯಿಲೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಆ ಬ್ರೇಕ್ ಡ್ರಮ್ಮಿನೊಳಗೆ ಬ್ರೇಕ್ ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರೂ ಇದೆ, ಅದು ಸೋರಿದರೂ ಒಳಗೆ ಒದ್ದೆಯೇ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಆಯಿಲ್ ಮಂದ ಇರುತ್ತದೆ, ಗಂಧಕದ ಗಬ್ಬು ನಾತ, ಸೋಪು ಹಾಕಿದರೂ ಸಂಜೆ ತನಕ ಕೈ ಬಿಡುವುದಿಲ್ಲ. ಬ್ರೇಕ್ ಆಯಿಲ್ ತೆಳು, ನೀರಲ್ಲಿ ತೊಳೆದರೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ಎರಡು ಸಲ ಆಕ್ಸಲ್ ಸೀಲ್ ಹಾಕಿಸಿದ ಮೇಲೆ ಗೊತ್ತಾಗಿದ್ದು ಸೋರುತ್ತಿದ್ದದ್ದು ವೀಲ್ ಸಿಲಿಂಡರ್ ಅಂತ.

ಗೇರ್ ಆಯಿಲೇ ಆಗಿದ್ದರೆ ಆ ಲೈನರ್ ಇರುವ ಬ್ರೇಕ್ ಶೂ ಎಸೆಯಿರಿ. ಪೆಟ್ರೋಲಲ್ಲಿ ತೊಳೆದು, ಒಲೆ ಮೇಲೆ ಕಾಯಿಸಿ, ಉಪ್ಪುಕಾಗದ ತಿಕ್ಕಿ ಮತ್ತೆ ಹಾಕುವವರಿದ್ದಾರೆ. ಡ್ರಮ್ ಬಿಸಿ ಆದ ಕೂಡಲೇ ಒಳಗಿಂದ ಆಯಿಲ್ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆ ಒಟ್ಟಿಗೆ ಹೊಸದು ಹಾಕಿಸಿ, ಒಂದೇ ಕಡೆ ಹಾಕಿದರೆ ಮತ್ತೆ ಎಳೆಯುತ್ತದೆ.

---

ಮಡಿಕೇರಿ_ಲೋರೇಂಜ್

ಹಳ್ಳ ದಾಟುವ ಗಾಡಿ, ಸೀಲು ಪದೇ ಪದೇ ಹೋಗುತ್ತಿದೆ ಅಂದರೆ ನಾನು ಮೊದಲು ಕೇಳುವ ಪ್ರಶ್ನೆ: ಬ್ರೀದರ್ ನೋಡಿದ್ದೀರಾ?

ಹಿಂದಿನ ಆಕ್ಸಲ್ ಹೌಸಿಂಗಿಗೆ, ಅಂದರೆ ಚಕ್ರ ತಿರುಗಿಸುವ ಶಾಫ್ಟ್ ಮತ್ತು ಆಯಿಲ್ ಇರುವ ಕವಚಕ್ಕೆ, ಉಸಿರಾಡಲು ಒಂದು ಸಣ್ಣ ದಾರಿ ಇರುತ್ತದೆ, ಅದೇ ಬ್ರೀದರ್. ಕೆಲವು ಗಾಡಿಗಳಲ್ಲಿ ಹೌಸಿಂಗ್ ಮೇಲೇ ಟೊಪ್ಪಿ ಥರ ಕೂತಿರುತ್ತದೆ, ಕೆಲವದರಲ್ಲಿ ರಬ್ಬರ್ ಪೈಪ್ ಹಾಕಿ ಚಾಸಿ ಕಡೆ ಎತ್ತಿರುತ್ತಾರೆ. ಅದಕ್ಕೆ ಕೆಸರು ಕಟ್ಟಿಕೊಂಡರೆ ಓಡಿ ಬಿಸಿಯಾದ ಗಾಳಿಗೆ ಹೋಗಲು ಜಾಗ ಇಲ್ಲ. ಒಳಗೆ ಒತ್ತಡ ಏರುತ್ತದೆ, ಸೀಲಿನ ತುಟಿ ಎತ್ತಿಕೊಂಡು ಆಯಿಲ್ ಆಚೆ ಬರುತ್ತದೆ. ಹಳ್ಳಕ್ಕೆ ಇಳಿದಾಗ ಉಲ್ಟಾ. ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಕಟ್ಟಿದ್ದರೆ ಅದೇ ಸೀಲಿನ ಕಡೆಯಿಂದ ನೀರು, ಮರಳು ಒಳಗೆ ಎಳೆದುಕೊಳ್ಳುತ್ತದೆ. ಆ ಮರಳು ತುಟಿಯ ಕೆಳಗೆ ಕೂತು ತೇಯುತ್ತದೆ.

ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಬ್ರೇಕ್ ಶೂ ಹಾಕಿಸಿಕೊಂಡು, ಸಮ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬಿಸಿ ಇರುವಾಗಲೇ ಡಿಫರೆನ್ಷಿಯಲ್‌ನ (ಆಕ್ಸಲ್ ನಡುವೆ ಗೇರ್ ಇರುವ ಗುಂಡು ಭಾಗ) ಆಯಿಲ್ ಹಾಕುವ ಬೋಲ್ಟ್ ಇದೆಯಲ್ಲ, ಅದನ್ನು ಮೆಲ್ಲ ಸಡಿಲಿಸಿ. ಮುಖ ದೂರ ಇಡಿ. ಸುಂಯ್ ಅಂತ ಗಾಳಿ ಬಂದರೆ ಬ್ರೀದರ್ ಕಟ್ಟಿದೆ ಅಂತಲೇ ಅರ್ಥ. ಹಾಗೇ ಆಯಿಲಿನ ಬಣ್ಣ ನೋಡಿ. ಹಾಲು ಹಾಕಿದ ಕಾಫಿ ಥರ ಇದ್ದರೆ ನೀರು ಸೇರಿದೆ.

ಇನ್ನೊಂದು ವಿಷಯ. ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವ ಜಾಗ ಸಮ ಇದೆಯಾ? ಆಯಿಲ್ ಎಷ್ಟು ಹಾಕಿದ್ದಾರೆ?

---

ಸುಮ್ನೆ_ಓದೋನು

ಬ್ರೀದರ್ ಕಥೆ ಎಲ್ಲಾ ಕಡೆ ಹೇಳುತ್ತಾರೆ. ಆದರೆ ಒತ್ತಡ ಅಂದಮೇಲೆ ಎರಡೂ ಕಡೆಗೆ ಸಮನಾಗಿ ಇರುತ್ತದೆ ಅಲ್ವಾ? ಎಡಗಡೆ ಸೀಲು ಹಳೆಯದು, ಅದು ಮೊದಲು ಹೋಗಬೇಕಿತ್ತು. ಎಂಜಿನ್ ಕಡೆಯಿಂದ ಶಾಫ್ಟ್ ಬಂದು ಸೇರುವಲ್ಲಿನ ಪಿನಿಯನ್ ಸೀಲೂ ಸೋರಬೇಕಿತ್ತು. ಹೊಸ ಸೀಲ್ ಹಾಕಿದ ಕಡೆಯೇ ಮೂರು ಸಲ ಹೋಗುತ್ತದೆ ಅಂದರೆ ಬಲಗಡೆಯಲ್ಲೇ ಏನೋ ಇದೆ.

(ಇದನ್ನು ಮಾರಿ ಹೊಸ ಗಾಡಿ ಜಿಮ್ನಿ ತಗೊಳ್ಳಿ ಅಂತ ಬರೆಯಲು ಬಂದಿದ್ದೆ, ತಡೆದುಕೊಂಡೆ.)

---

ಲೇತ್_ಹುಬ್ಬಳ್ಳಿ

ಓದೋನು ಅವರು ಹೇಳಿದ್ದರಲ್ಲಿ ಅರ್ಥ ಇದೆ, ಮಡಿಕೇರಿಯವರು ಹೇಳಿದ್ದೂ ಸುಳ್ಳಲ್ಲ. ಒತ್ತಡ ಎರಡೂ ಕಡೆ ಒಂದೇ, ಆದರೆ ಹೊರಗೆ ಬರುವುದು ಎಲ್ಲಿ ಸಡಿಲ ಇದೆಯೋ ಅಲ್ಲಿ. ಹಳೇ ಹೌಸಿಂಗು, ಹಳೇ ಶಾಫ್ಟು ದಿನಾ ನಮ್ಮ ಲೇತಿಗೆ ಬರುತ್ತವ್ರೀ, ಸೀಲು ಮೂರು ಸಲ ಹಾಕಿಸಿ ಬಂದವರೇ ಜಾಸ್ತಿ. ನಾನು ಅವರಿಗೆ ಸೀಲು ತೋರಿಸಿ ಅಂತ ಕೇಳುವುದೇ ಇಲ್ಲ, ಶಾಫ್ಟು ತೋರಿಸಿ ಅನ್ನುತ್ತೇನೆ.

ಸೀಲಿನ ರಬ್ಬರ್ ತುಟಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜುತ್ತದೆ. ಜೊತೆಗೆ ಮಣ್ಣು ಸೇರಿದರೆ ಅಲ್ಲಿ ಸುತ್ತ ಒಂದು ತೋಡು ಬೀಳುತ್ತದೆ. ಕಣ್ಣಿಗೆ ಬರೀ ಹೊಳಪಿನ ಗೆರೆ ಥರ ಕಾಣುತ್ತದೆ. ಉಗುರನ್ನು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಮುಗೀತು, ನೀವು ಚಿನ್ನದ ಸೀಲು ಹಾಕಿದರೂ ನಿಲ್ಲುವುದಿಲ್ಲ. ಕೆಲವು ಆಕ್ಸಲ್‌ಗಳಲ್ಲಿ ತುಟಿ ಶಾಫ್ಟ್ ಮೇಲೇ ಕೂರುತ್ತದೆ, ಕೆಲವದರಲ್ಲಿ ಬೇರಿಂಗ್ ಹಿಡಿದಿಡುವ ರಿಂಗಿನ ಮೇಲೆ. ಬಿಚ್ಚಿದಾಗ ಗುರುತು ಎಲ್ಲಿ ಬಿದ್ದಿದೆ ನೋಡಿ. ರಿಂಗಿನ ಮೇಲಾದರೆ ಹೊಸ ರಿಂಗ್ ಸಾಕು.

ಶಾಫ್ಟ್ ಮೇಲಾದರೆ ಮೂರು ದಾರಿ ಇವೆ. ಒಂದು, ಹೊಸ ಸೀಲನ್ನು ಹಳೆಯದಕ್ಕಿಂತ ಒಂದೂವರೆ ಎರಡು ಮಿಲಿಮೀಟರ್ ಹೊರಗೆ ನಿಲ್ಲಿಸಿದರೆ ತುಟಿ ತೋಡು ಬಿಟ್ಟು ಹೊಸ ಜಾಗಕ್ಕೆ ಬರುತ್ತದೆ. ಕೂರಿಸಲು ಹೌಸಿಂಗಿನಲ್ಲಿ ಜಾಗ ಇದ್ದರೆ ಮಾತ್ರ, ಮತ್ತು ವಾರೆ ಕೂರಬಾರದು. ಎರಡು, ಬೇರಿಂಗ್ ಕಂಪನಿ ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್, ತೋಡಿನ ಮೇಲೆ ತೊಡಿಸುವ ತೆಳು ಲೋಹದ ಕೊಳವೆ. ಅದರ ಗೋಡೆ 0.28 ಮಿಲಿಮೀಟರ್ ಮಾತ್ರ, ಹಾಗಾಗಿ ಸೀಲಿನ ಸೈಜು ಬದಲಾಗುವುದಿಲ್ಲ. ಅಳತೆಗೆ ಸರಿಯಾಗಿ ಸಿಗುವುದು ನಿಮ್ಮ ಅದೃಷ್ಟ. ಮೂರು, ಬೇರೆ ಶಾಫ್ಟ್. ವೆಲ್ಡಿಂಗ್ ತುಂಬಿ ಲೇತ್ ಹಿಡಿಸುವುದು ನಾನು ಮಾಡುವುದಿಲ್ಲ. ಮೇಲ್ಮೈ ಗಡಸು ಹೋಗುತ್ತದೆ, ಶಾಫ್ಟ್ ಸೊಟ್ಟಗಾಗುವುದೂ ಉಂಟು. ಚಕ್ರದ ಭಾರ ಹೊರುವ ಶಾಫ್ಟು ಅದು.

ಬೆಂಡ್ ಅಂತ ಹೆದರಿಸಿದವರಿಗೆ ಹೀಗೆ ಹೇಳಿ: ಶಾಫ್ಟನ್ನು ವಿ ಬ್ಲಾಕ್ (ವಿ ಆಕಾರದ ಆಧಾರ) ಮೇಲಿಟ್ಟು, ಸೊಟ್ಟ ಅಳೆಯುವ ಡಯಲ್ ಗೇಜ್ ಹಚ್ಚಿ ಒಂದು ಸುತ್ತು ತಿರುಗಿಸಿ ತೋರಿಸಿ. ಮುಳ್ಳು ಅಲ್ಲಾಡದಿದ್ದರೆ ಶಾಫ್ಟ್ ನೆಟ್ಟಗಿದೆ. ಅಳೆಯದೆ ಬೆಂಡ್ ಅನ್ನುವವರು ಬಹಳ ಮಂದಿ.

---

ಮೂಡಿಗೆರೆ_ಜಿಪ್ಸಿ

ಎಲ್ಲರಿಗೂ ಥ್ಯಾಂಕ್ಸ್. ಒಂದೊಂದಾಗಿ ಹೇಳುತ್ತೇನೆ.

ಮೂಸಿ ನೋಡಿದೆ. ಗೇರ್ ಆಯಿಲೇ. ನನ್ನ ಹೆಂಡತಿ ಇನ್ನೂ ಕೈ ತೊಳೆದು ಬಾ ಅನ್ನುತ್ತಿದ್ದಾಳೆ.

ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬೋಲ್ಟ್ ಸಡಿಲಿಸಿದೆ. ಸುಂಯ್ ಅಲ್ಲ ಮಾರಾಯ್ರೆ, ಸೋಡಾ ಬಾಟಲಿ ಬಿಚ್ಚಿದ ಹಾಗೆ ಆಯಿತು! ಹಿಂದೆಯೇ ಆಯಿಲ್ ಸುರಿಯಿತು, ಸುಮಾರು ಕಾಲು ಲೀಟರ್. ಅಂದರೆ ಹಾಸನದಲ್ಲಿ ಬೋಲ್ಟಿನ ತೂತಿಗಿಂತ ಮೇಲೆ ತನಕ ಹೇಗೋ ತುಂಬಿಸಿದ್ದರು. "ಸೋರುವ ಗಾಡಿ, ಇರಲಿ ಅಂತ ಸ್ವಲ್ಪ ಜಾಸ್ತಿ ಹಾಕಿದ್ದೇವೆ" ಅಂದದ್ದು ಈಗ ನೆನಪಾಯಿತು. ಬಣ್ಣ ಸ್ವಲ್ಪ ಮಬ್ಬು, ಪೂರ್ತಿ ಹಾಲಾಗಿಲ್ಲ.

ಬ್ರೀದರ್‌ಗೆ ಯಾರೋ ಪೈಪ್ ಹಾಕಿ ಚಾಸಿಯ ಒಳಕ್ಕೆ ಎತ್ತಿದ್ದಾರೆ. ಟಾರ್ಚ್ ಹಿಡಿದು ಮಲಗಿ ನೋಡಿದರೆ ಅದರ ಬಾಯಿಗೆ ಕೆಂಪು ಮಣ್ಣಿನ ಬಿರಡೆ. ಮೊದಲು ಕೆಸರು ಅಂದುಕೊಂಡೆ. ಕಡ್ಡಿಯಿಂದ ಕುತ್ತಿದರೆ ಒಳಗಿಂದ ಒಣಗಿದ ಎರಡು ಜೇಡ, ಒಂದು ಹುಳುವಿನ ಸಿಪ್ಪೆ ಬಿತ್ತು. ಕಣಜದ ಗೂಡು! ನಮ್ಮ ಮನೆಯ ಕಿಟಕಿ ಮೂಲೆಯಲ್ಲಿ, ಪ್ಲಗ್ಗಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಅದೇ ಹುಳ. ಬೇಸಿಗೆಯಲ್ಲಿ ಗಾಡಿ ಶೆಡ್ಡಿನಲ್ಲಿ ನಿಂತಾಗ ಆರಾಮಾಗಿ ಸಂಸಾರ ಮಾಡಿದೆ.

ಶೆಡ್ಡು ಸಮ ಇಲ್ಲ. ಕಣ ತೊಳೆದ ನೀರು ಹರಿಯಲಿ ಅಂತ ನೆಲ ಇಳಿಜಾರು ಮಾಡಿಸಿದ್ದರು ಅಪ್ಪ. ಗಾಡಿ ಯಾವಾಗಲೂ ಮೂತಿ ಒಳಗೆ ಮಾಡಿ ನಿಲ್ಲಿಸುತ್ತೇವೆ, ಬಲಗಡೆ ತಗ್ಗು. ಇದಕ್ಕೂ ಲೀಕಿಗೂ ಸಂಬಂಧ ಇದೆಯಾ? ಮತ್ತೆ, ಬ್ರೀದರ್ ಬಿಡಿಸಿದ ಮೇಲೆ ಸೀಲು ತಾನಾಗಿ ನಿಲ್ಲುತ್ತದಾ, ಅಥವಾ ಬಿಚ್ಚಲೇಬೇಕಾ?

---

ಮಡಿಕೇರಿ_ಲೋರೇಂಜ್

ಕಣಜ! ಇಷ್ಟು ವರ್ಷದಲ್ಲಿ ಕೆಸರು ನೋಡಿದ್ದೇನೆ, ಪೈಪ್ ಮಡಚಿ ಕೂತದ್ದು ನೋಡಿದ್ದೇನೆ, ಇದು ಹೊಸದು. ಪೈಪಿನ ತುದಿಯನ್ನು ಕೆಳಮುಖ ಮಾಡಿ ಬಾಗಿಸಿ ಕಟ್ಟಿ, ಬಾಯಿಗೆ ಸಣ್ಣ ಜಾಲರಿಯನ್ನೋ ಪೆಟ್ರೋಲ್ ಫಿಲ್ಟರನ್ನೋ ಸಿಕ್ಕಿಸಿ. ಹಳ್ಳದ ನೀರು ಮುಟ್ಟದ ಎತ್ತರದಲ್ಲಿರಲಿ.

ಇಳಿಜಾರಿಗೆ ಸಂಬಂಧ ಇದೆ. ಆಯಿಲ್ ಹಾಕುವ ತೂತಿನ ಕೆಳಗಿನ ಅಂಚಿಗೆ ಬಂದರೆ ಅದೇ ಲೆಕ್ಕ. ಹಿಂದಿನ ಡಿಫರೆನ್ಷಿಯಲ್‌ಗೆ ಒಂದೂವರೆ ಲೀಟರ್ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದು, ರಾತ್ರಿಯಿಡೀ ಬಲಕ್ಕೆ ವಾಲಿ ನಿಂತರೆ ಆಯಿಲ್ ಟ್ಯೂಬಿನಲ್ಲಿ ಹರಿದು ಬಲಗಡೆ ಸೀಲಿನ ಮೇಲೆ ನಿಂತಿರುತ್ತದೆ. ಓದೋನು ಅವರ ಪ್ರಶ್ನೆಗೂ ಅರ್ಧ ಉತ್ತರ ಅದೇ. ಕಲೆ ಬೆಳಿಗ್ಗೆ ಕಂಡದ್ದೂ ಅದಕ್ಕೇ ಇರಬೇಕು.

ಆದರೆ ಬಿಚ್ಚಲೇಬೇಕು. ತುಟಿ ಒಮ್ಮೆ ಒತ್ತಡಕ್ಕೆ ಮಗುಚಿದ್ದರೆ ಸರಿ ಹೋಗುವುದಿಲ್ಲ. ಜೊತೆಗೆ ಜಿಪ್ಸಿಯಲ್ಲಿ ಸೀಲು ಒಳಗೆ, ಬೇರಿಂಗು ಹೊರಗೆ. ಸೀಲು ದಾಟಿದ ಆಯಿಲ್ ಬೇರಿಂಗಿನ ಗ್ರೀಸನ್ನು ತೊಳೆದೇ ಡ್ರಮ್ಮಿಗೆ ಬರುವುದು. ಚಕ್ರ ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಕಟಕಟ ಅಂದರೆ ಬೇರಿಂಗೂ ಹೋಗಿದೆ. ಬೇರಿಂಗ್ ಅಲ್ಲಾಡುವಾಗ ಸೀಲಿನ ತುಟಿ ಶಾಫ್ಟಿನ ಹಿಂದೆ ಓಡಲಾರದು.

---

ಲೇತ್_ಹುಬ್ಬಳ್ಳಿ

ಬಿಚ್ಚುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಸೀಲು ಕೆಡುವುದು ಹೆಚ್ಚಾಗಿ ಹಾಕುವ ಹೊತ್ತಿಗೇ.

ಡ್ರಮ್ ಬರದಿದ್ದರೆ ಸುತ್ತಿಗೆ ಬೇಡ. ಡ್ರಮ್ಮಿನಲ್ಲಿ ಬೋಲ್ಟ್ ಹಾಕಲು ಥ್ರೆಡ್ ಇರುವ ಎರಡು ತೂತು ಇವೆ, 8 ಮಿಲಿಮೀಟರ್ ಬೋಲ್ಟ್ ಎರಡು ಹಾಕಿ ಸಮವಾಗಿ ತಿರುಗಿಸುತ್ತಾ ಹೋದರೆ ತಾನೇ ಎದ್ದು ಬರುತ್ತದೆ. ಬ್ರೇಕ್ ಪೈಪ್ ಬಿಚ್ಚಬೇಕಾಗುತ್ತದೆ, ಹಾಗಾಗಿ ಕೊನೆಗೆ ಬ್ರೇಕಿನ ಗಾಳಿ ತೆಗೆಸುವುದು ಮರೆಯಬೇಡಿ. ಬ್ರೇಕ್ ಕೂರುವ ಬ್ಯಾಕ್ ಪ್ಲೇಟಿನ ನಾಲ್ಕು ನಟ್ಟು ತೆಗೆದು, ಸ್ಲೈಡ್ ಹ್ಯಾಮರ್ (ಜಾರುವ ಭಾರದ ಪೆಟ್ಟಿನಿಂದ ಹೊರಗೆಳೆಯುವ ಸಾಧನ) ಹಾಕಿ ಎಳೆದರೆ ಶಾಫ್ಟು ಪ್ಲೇಟಿನ ಸಮೇತ ಬರುತ್ತದೆ.

ಬೇರಿಂಗ್ ಬಿಡಿಸಬೇಕಾದರೆ ಅದನ್ನು ಹಿಡಿದಿಡುವ ರಿಂಗನ್ನು ಎರಡು ಕಡೆ ಗ್ರೈಂಡರ್‌ನಲ್ಲಿ ತೆಳು ಮಾಡಿ ಉಳಿ ಪೆಟ್ಟು ಕೊಟ್ಟು ಸೀಳುತ್ತಾರೆ. ಗ್ರೈಂಡರ್ ಶಾಫ್ಟಿಗೆ ತಾಗಬಾರದು, ಗ್ಯಾಸ್ ಕಟಿಂಗ್ ಅಂತೂ ಬೇಡವೇ ಬೇಡ. ಹೊಸ ರಿಂಗು ಪ್ರೆಸ್ಸಿನಲ್ಲೇ ಹಾಕಬೇಕು.

ಹಳೇ ಸೀಲು ಕೀಳಲು ಸ್ಕ್ರೂಡ್ರೈವರ್ ತುರುಕಿ ಮೀಟುತ್ತಾರೆ, ಹೌಸಿಂಗಿನ ಒಳಗೋಡೆಗೆ ಗೀರು ಬೀಳುತ್ತದೆ. ಆಮೇಲೆ ಆಯಿಲು ತುಟಿಯಿಂದಲ್ಲ, ಸೀಲಿನ ಹೊರಸುತ್ತಿನಿಂದ ಬರುತ್ತದೆ, ನೋಡುವವರಿಗೆ ಎರಡೂ ಒಂದೇ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ. ತುಟಿಗೆ ಗ್ರೀಸ್ ಹಚ್ಚಿ. ಒಣ ತುಟಿ ಮೊದಲ ಕಿಲೋಮೀಟರಲ್ಲೇ ಸುಡುತ್ತದೆ. ಸೀಲಿನಷ್ಟೇ ಅಗಲದ ಪೈಪೋ ಹಳೇ ಬೇರಿಂಗೋ ಇಟ್ಟು ನೇರ ಬಡಿಯಬೇಕು, ಒಂದು ಅಂಚಿಗೆ ಬಡಿದು ಇನ್ನೊಂದು ಅಂಚಿಗೆ ಬಡಿದು ಅಲ್ಲ.

ಇನ್ನು ಬಹಳ ಜನ ಕೆಡಿಸುವುದು ಇಲ್ಲಿ: ಶಾಫ್ಟ್ ಒಳಗೆ ತೂರುವಾಗ ಅದರ ತುದಿಯ ಹಲ್ಲುಗಳು ಸೀಲಿನ ತುಟಿ ದಾಟಿ ಹೋಗಬೇಕು. ಶಾಫ್ಟಿನ ಭಾರ ತುಟಿ ಮೇಲೆ ಬಿಟ್ಟು ತಳ್ಳಿದರೆ ಹಲ್ಲು ರಬ್ಬರನ್ನು ಬ್ಲೇಡಿನ ಥರ ಕೊಯ್ಯುತ್ತದೆ. ಎರಡು ಕೈಯಲ್ಲಿ ಎತ್ತಿ ಹಿಡಿದು, ತುಟಿಗೆ ತಾಗಿಸದೆ, ಹಲ್ಲು ಒಳಗೆ ಕಚ್ಚಿಕೊಳ್ಳುವ ತನಕ ಉಸಿರು ಹಿಡಿದು ಹೋಗಬೇಕು. ನಿಮ್ಮ ಮೊದಲನೇ ಸೀಲು ಆರೇ ತಿಂಗಳಿಗೆ ಹೋದದ್ದು ಹೀಗೂ ಇರಬಹುದು.

---

ಮೂಡಿಗೆರೆ_ಜಿಪ್ಸಿ

ಕೆಲಸ ಆಗಿ ಏಳು ವಾರ ಆಯಿತು, ಮಳೆ ಪೂರ್ತಿ ನೋಡಿ ಬರೆಯೋಣ ಅಂತ ಕಾದೆ.

ಶಾಫ್ಟ್ ಹೊರಗೆ ಬಂದ ಕೂಡಲೇ ಬಟ್ಟೆಯಲ್ಲಿ ಒರೆಸಿ ಉಗುರು ಎಳೆದೆ. ಟಕ್ ಅಂತ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಕೂಡ ಎಳೆದು ನೋಡಿದ, ಮುಖ ನೋಡುವ ಹಾಗಿತ್ತು. ಅದರ ಪಕ್ಕ ಉಳಿ ಪೆಟ್ಟಿನ ಒಂದು ಗುರುತೂ ಇತ್ತು, ಅಕ್ಟೋಬರ್‌ನಲ್ಲಿ ಬೇರಿಂಗ್ ಬಿಡಿಸುವಾಗ ಬಿದ್ದದ್ದಿರಬೇಕು. ಹಳೇ ಸೀಲಿನ ತುಟಿ ಒಂದು ಕಡೆ ಹೊರಕ್ಕೆ ಮಗುಚಿತ್ತು.

ಚಿಕ್ಕಮಗಳೂರಿನಲ್ಲಿ ಲೇತಿಗೆ ಒಯ್ದು ಡಯಲ್ ಹಚ್ಚಿಸಿದೆ. ಶಾಫ್ಟ್ ನೆಟ್ಟಗಿದೆ. ಬೆಂಡ್ ಅಂದವರಿಗೆ ಫೋನ್ ಮಾಡಿ ಹೇಳಿದೆ, "ಹೌದಾ, ಒಳ್ಳೇದಾಯ್ತು" ಅಂದರು.

ಸ್ಲೀವ್ ಅಳತೆಗೆ ಸಿಗಲಿಲ್ಲ. ಗುಜರಿಯಲ್ಲಿ ಹಳೇ ಜಿಪ್ಸಿಯ ಶಾಫ್ಟ್ ಸಿಕ್ಕಿತು, ಮೇಲ್ಮೈ ಕನ್ನಡಿ ಥರ ಇತ್ತು. ಒಂದು ಮಾತು, ಎಡದ್ದು ಬಲದ್ದು ಒಂದೇ ಉದ್ದ ಅಲ್ಲ. ಅಂಗಡಿಯವನು ಮೊದಲು ಎಡದ್ದನ್ನೇ ಕೈಗಿಟ್ಟಿದ್ದ. ಹಳೆಯದನ್ನು ಪಕ್ಕ ಇಟ್ಟು ಅಳೆದದ್ದಕ್ಕೆ ಉಳಿದುಕೊಂಡೆ, ಹಲ್ಲೂ ಎಣಿಸಿ ತಂದೆ. ಹೊಸ ಬೇರಿಂಗು, ಹೊಸ ರಿಂಗು ಪ್ರೆಸ್ಸಿನಲ್ಲಿ ಹಾಕಿಸಿದೆ. ಶಾಫ್ಟ್ ತೂರುವಾಗ ನಾನು ಹೊರಗಡೆ ತುದಿ ಎತ್ತಿ ಹಿಡಿದೆ, ಮೆಕ್ಯಾನಿಕ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತುದಿಗೆ ದಾರಿ ತೋರಿಸಿದ, ಇಬ್ಬರೂ ಮಾತಾಡಲಿಲ್ಲ. ಬ್ಯಾಕ್ ಪ್ಲೇಟ್ ಕೂರುವ ಜಾಗಕ್ಕೆ ತೆಳುವಾಗಿ ಗಮ್ ಬಳಿದೆವು. ಆಯಿಲ್ 80ಡಬ್ಲ್ಯು-90 ಜಿಎಲ್-5, ತೂತಿನ ಅಂಚಿಗೆ ಸರಿಯಾಗಿ. ಶೂ ಎರಡೂ ಕಡೆ ಹೊಸದು. ಪೈಪಿನ ಬಾಯಿಗೆ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ ಕೆಳಮುಖ ಕಟ್ಟಿದ್ದೇನೆ.

ಜುಲೈ ಮಳೆಯಲ್ಲಿ ದಿನಾ ಹಳ್ಳ ದಾಟಿದೆ. ಮೊನ್ನೆ ಓಡಿಸಿ ಬಂದು ಬೋಲ್ಟ್ ಸಡಿಲಿಸಿದೆ, ಉಸಿರೂ ಇಲ್ಲ. ಟೈರಿನ ಒಳಮೈ ಒಣ. ಗಾಡಿ ಈಗ ಶೆಡ್ಡಿಗೆ ಹಿಂದೆ ಹಿಂದೆ ಹೋಗುತ್ತದೆ, ತಗ್ಗು ಎಡಗಡೆಗೆ ಬರಲಿ ಅಂತ.

---

ಸುಮ್ನೆ_ಓದೋನು

ಅಂದರೆ ಇನ್ನು ಎಡಗಡೆ ಸೀಲು ಹೋಗುತ್ತದೆ ಅಂತ ಆಯಿತು. 😄 ನೆಲ ಸಮ ಮಾಡಿಸಿ ಸ್ವಾಮಿ.

---

ಮೂಡಿಗೆರೆ_ಜಿಪ್ಸಿ

ಹಾಗೆ ಹೇಳಬೇಡಿ! ಚಕ್ರದ ಕೆಳಗೆ ಎರಡು ಹಲಗೆ ಇಟ್ಟು ಸಮ ಮಾಡಿದ್ದೇನೆ, ಕಾಫಿ ಕೊಯ್ಲು ಮುಗಿದ ಮೇಲೆ ಸಿಮೆಂಟ್.

ನಿನ್ನೆ ಮುಂದಿನ ಚಕ್ರ ತೊಳೆಯುವಾಗ ಸ್ಟೇರಿಂಗ್ ನಕ್ಕಲಿನ (ಮುಂದಿನ ಚಕ್ರ ಹೊರಳುವ ಗಂಟಿನ) ಉಂಡೆ ಮೇಲೆ ಗ್ರೀಸು ನೀರು ನೀರಾಗಿ ಇಳಿಯುತ್ತಿತ್ತು. ಮೂಸಿ ನೋಡಿದೆ. ಅದೇ ಗಂಧಕದ ನಾತ. ಒಳಗಿನ ಸೀಲು ದಾಟಿ ಆಯಿಲು ಗ್ರೀಸಿಗೆ ಸೇರುತ್ತಿದೆ ಅಂತ ಕಾಣುತ್ತದೆ. ಮುಂದಿನ ಬ್ರೀದರ್ ಎಲ್ಲಿದೆ ಅಂತ ಹುಡುಕಲು ಈಗ ಗಾಡಿ ಕೆಳಗೆ ಮಲಗುತ್ತಿದ್ದೇನೆ.